ಗಣೇಶ ಕೂರಿಸುವ ಮುನ್ನ: ‘ಅನುಮತಿ’ ಎಂಬ ಪದವನ್ನು ಬಿಡಿಸಿ ಓದುವ ಕ್ರಮ

ಹರಿಕಥೆ ಒಳ್ಳೆಯ ಘಟ್ಟಕ್ಕೆ ಬಂದಿತ್ತು. ಗಂಟೆ ಹತ್ತು ದಾಟಿ ಹತ್ತು ನಿಮಿಷ. ಪೊಲೀಸ್ ಜೀಪು ಚಪ್ಪರದ ಪಕ್ಕ ನಿಂತಿತು. ಇಳಿದ ಅಧಿಕಾರಿ ಮೈಕ್ ನಿಲ್ಲಿಸಲು ಹೇಳಿದರು. ‘ನಮ್ಮ ಬಳಿ ಪರ್ಮಿಷನ್ ಇದೆ’ ಎಂದು ಸಮಿತಿಯ ಕಾರ್ಯದರ್ಶಿಯಾಗಿದ್ದ ನಾನು ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ಅವರು ಟಾರ್ಚ್ ಹಾಕಿ ನೋಡಿ, ನಗದೆ, ‘ಇದು ನೀವು ಕೊಟ್ಟ ಅರ್ಜಿ. ಇದರ ಮೇಲಿರುವುದು ಅರ್ಜಿ ಬಂದಿದೆ ಎಂಬ ಮೊಹರು. ಅನುಮತಿ ಎಲ್ಲಿ?’ ಎಂದು ಕೇಳಿದರು. ಮೊಹರು ಬಿದ್ದ ಕಾಗದವೆಲ್ಲ ಅನುಮತಿಯೇ ಎಂದು ಮೂರು ವರ್ಷ ನಂಬಿಕೊಂಡಿದ್ದೆವು. ಆ ವರ್ಷ ಹರಿಕಥೆ ಮೈಕ್ ಇಲ್ಲದೆ ಮುಗಿಯಿತು. ದಾಸರ ಗಂಟಲು ಗಟ್ಟಿಯಿತ್ತು, ನಮ್ಮ ಮಾನ ಉಳಿಯಿತು.

ಆಮೇಲೆ ಏಳೆಂಟು ವರ್ಷ ಇದೇ ಕೆಲಸ ಮಾಡಿದ್ದೇನೆ. ಬಡಾವಣೆಯ ಗಣೇಶನಿಗಾಗಿ ಬರೆದ ಮಾರ್ಗದರ್ಶಿ ಇದು. ಊರಹಬ್ಬ, ನಾಟಕ, ರಾಜ್ಯೋತ್ಸವದ ಸಭೆ ನಡೆಸುವವರಿಗೂ ಬಹುಪಾಲು ಹೊಂದುತ್ತದೆ.

ಮೊದಲು ಅರ್ಥ, ಆಮೇಲೆ ಅರ್ಜಿ

ಕಾನೂನಿನ ಅನುಮತಿಗೆ ಮೂರು ಭಾಗಗಳಿವೆ: ಮೊದಲು ಒಂದು ನಿಷೇಧ, ಅದನ್ನು ಸಡಿಲಿಸುವ ಅಧಿಕಾರವುಳ್ಳ ಒಬ್ಬರು, ಅವರು ಹಾಕುವ ಷರತ್ತುಗಳು. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಮೈಕ್ ಕುರಿತ 5ನೇ ನಿಯಮವನ್ನೇ ನೋಡಿ. ಅಧಿಕೃತ ಪ್ರಾಧಿಕಾರದ ಲಿಖಿತ ಅನುಮತಿ ಪಡೆಯದೆ ಧ್ವನಿವರ್ಧಕ ಬಳಸಬಾರದು ಎನ್ನುತ್ತದೆ ಅದು. ‘ಬಾರದು’ ಎಂಬುದೇ ಇಲ್ಲಿ ಮೂಲ ಸ್ಥಿತಿ. ಅನುಮತಿ ಎಂದರೆ ಆ ‘ಬಾರದು’ ಇಷ್ಟು ಹೊತ್ತು, ಇಷ್ಟು ಜಾಗದಲ್ಲಿ, ಈ ಷರತ್ತಿನ ಮೇಲೆ ನಿಮಗೆ ಅನ್ವಯಿಸುವುದಿಲ್ಲ ಎಂಬ ಮಾತು, ಅಷ್ಟೇ.

ಇದನ್ನು ಒಪ್ಪಿಕೊಂಡರೆ ಎರಡು ಸಂಗತಿಗಳು ತಾವಾಗಿ ಸ್ಪಷ್ಟವಾಗುತ್ತವೆ. ನಿಷೇಧವೇ ಇಲ್ಲದ ಕಡೆ ಅನುಮತಿ ಬೇಕಿಲ್ಲ. ಮನೆಯ ನಡುಮನೆಯಲ್ಲಿ ಗಣೇಶ ಕೂರಿಸಿ, ನಾಲ್ಕು ಜನ ಕೂತು ತಾಳ ಹಾಕಿ ಭಜನೆ ಮಾಡಲು ಯಾವ ಕಚೇರಿಗೂ ಹೋಗಬೇಕಿಲ್ಲ. ಇನ್ನೊಂದು ತುದಿಯಲ್ಲಿ, ಸಡಿಲಿಸುವ ಅಧಿಕಾರವನ್ನು ಕಾನೂನು ಯಾರಿಗೂ ಕೊಟ್ಟಿರದ ನಿಷೇಧಗಳಿವೆ. ಉತ್ಸವವೆಂಬ ಕಾರಣಕ್ಕೆ ಬಯಲಿನಲ್ಲಿ ನಡುರಾತ್ರಿ 12ರ ನಂತರ ಮೈಕ್ ಹಾಕುವುದು ಅಂಥದ್ದು. ಅಲ್ಲಿ ಗೋಡೆ ಇದೆ, ಬಾಗಿಲೇ ಇಲ್ಲ. ಯಾರಾದರೂ ‘ನಾನು ಮಾತಾಡಿಸಿ ಕೊಡುತ್ತೇನೆ’ ಎಂದರೆ ಅವರು ಕೊಡುವುದು ಅನುಮತಿಯಲ್ಲ, ಧೈರ್ಯ. ಅದಕ್ಕೆ ರುಜುವೂ ಇರುವುದಿಲ್ಲ, ಮೊಹರೂ ಇರುವುದಿಲ್ಲ.

ಇನ್ನು ಪದಗಳು. ಒಂದು ಬಾಡಿಗೆ ಟ್ಯಾಕ್ಸಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಓಡಿಸುವವನಿಗೆ ಚಾಲನಾ ಪರವಾನಗಿ. ಅದು ಅವನ ಯೋಗ್ಯತೆಗೆ ಸಂಬಂಧಿಸಿದ್ದು. ಗಾಡಿಗೆ ನೋಂದಣಿ, ಅದು ವಸ್ತುವಿನ ಗುರುತು. ಬಾಡಿಗೆಗೆ ಓಡಿಸಲು ಪರ್ಮಿಟ್. ಅದು ಬಳಕೆಗೆ ಸಂಬಂಧಿಸಿದ್ದು. ಇವೆಲ್ಲ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಬೇರೆ ಬೇರೆ ಕಲಂಗಳಲ್ಲಿವೆ, ಒಂದಿದ್ದರೆ ಇನ್ನೊಂದು ಬೇಡ ಎಂದಾಗುವುದಿಲ್ಲ. ಗಣೇಶೋತ್ಸವದ ಕಾಗದಗಳೂ ಹೀಗೆಯೇ. ಪಾಲಿಕೆ ರಸ್ತೆಯ ಬದಿ ಬಳಸಲು ಒಪ್ಪಿದರೆ ಮೈಕ್‌ಗೆ ಒಪ್ಪಿದಂತಲ್ಲ. ಅಗ್ನಿಶಾಮಕ ಇಲಾಖೆ ಕೊಡುವ ನಿರಾಕ್ಷೇಪಣಾ ಪತ್ರದ ಅರ್ಥ ‘ನಮ್ಮ ಮಟ್ಟಿಗೆ ತಕರಾರಿಲ್ಲ’ ಎಂದಷ್ಟೇ, ‘ಮಾಡಿ’ ಎಂದಲ್ಲ. ಸ್ವೀಕೃತಿಯ, ಅಂದರೆ ಅರ್ಜಿ ಬಂದಿದೆ ಎಂಬ ಮೊಹರಿನ ಕಥೆ ಮೇಲೆ ಹೇಳಿದ್ದಾಯಿತು. ಮುಚ್ಚಳಿಕೆ ಇನ್ನೂ ತಿರುಗುಮುರುಗು: ಅದು ಅವರು ನಿಮಗೆ ಕೊಡುವುದಲ್ಲ, ನೀವು ಅವರಿಗೆ ಬರೆದುಕೊಡುವುದು.

ಒಂದನೇ ಹಂತ: ಕಚೇರಿಗಳ ಪಟ್ಟಿಯಲ್ಲ, ಕೆಲಸಗಳ ಪಟ್ಟಿ

ಸಮಿತಿಯ ಮೊದಲ ಸಭೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ, ‘ಎಲ್ಲೆಲ್ಲಿ ಪರ್ಮಿಷನ್ ತೆಗೆದುಕೊಳ್ಳಬೇಕು?’ ಅದು ತಪ್ಪು ಪ್ರಶ್ನೆ. ‘ನಾವು ಏನೇನು ಮಾಡಲಿದ್ದೇವೆ?’ ಎಂದು ಕೇಳಿಕೊಳ್ಳಿ. ಜಾಗ ಯಾರದು, ಚಪ್ಪರ ಎಷ್ಟು ಅಗಲ, ಕಂಬಕ್ಕೆ ಗುಂಡಿ ತೋಡುತ್ತೇವೆಯೇ, ದೀಪಕ್ಕೆ ವಿದ್ಯುತ್ ಎಲ್ಲಿಂದ, ಮೈಕ್ ಯಾವ ದಿನ ಎಷ್ಟು ಹೊತ್ತು, ಸಂಜೆ ಆರ್ಕೆಸ್ಟ್ರಾ ಇದೆಯೇ, ಅನ್ನಸಂತರ್ಪಣೆ ಇದೆಯೇ, ಫ್ಲೆಕ್ಸ್ ಕಟ್ಟುತ್ತೇವೆಯೇ, ಮೆರವಣಿಗೆ ಯಾವ ಬೀದಿಗಳಲ್ಲಿ, ವಿಸರ್ಜನೆ ಎಲ್ಲಿ. ನೋಟ್‌ಬುಕ್‌ನಲ್ಲಿ ಒಂದು ಸಾಲಿಗೆ ಒಂದು ಕೆಲಸ ಬರೆಯಿರಿ. ಎದುರಿಗೆ, ಇದನ್ನು ತಡೆಯುವ ನಿಯಮ ಇದೆಯೇ, ಇದ್ದರೆ ಸಡಿಲಿಸುವವರು ಯಾರು ಎಂದು ಬರೆಯಿರಿ. ನಮ್ಮದು ಹನ್ನೊಂದು ಸಾಲು ಆಗಿತ್ತು. ಅದರಲ್ಲಿ ಎರಡಕ್ಕೆ ಅನುಮತಿಯೇ ಬೇಕಿರಲಿಲ್ಲ, ಒಂದನ್ನು ಕೈಬಿಡಬೇಕಾಯಿತು.

ಚೌತಿಗೆ ಒಂದು ತಿಂಗಳ ಮೊದಲು ಈ ಪಟ್ಟಿ ಕೈಯಲ್ಲಿರಲಿ. ದೊಡ್ಡ ನಗರಗಳಲ್ಲಿ ಹಬ್ಬದ ಸಮಯಕ್ಕೆ ಏಕಗವಾಕ್ಷಿ ಕೇಂದ್ರ ತೆರೆಯುವುದುಂಟು. ಅಲ್ಲಿ ಹಲವು ಇಲಾಖೆಯವರು ಒಂದೇ ಮೇಜಿಗೆ ಬರುತ್ತಾರೆ. ಆದರೂ ಅವರ ಅಧಿಕಾರಗಳು ಒಂದಾಗುವುದಿಲ್ಲ, ನೀವು ಓಡಾಡುವ ದೂರ ಮಾತ್ರ ಕಡಿಮೆಯಾಗುತ್ತದೆ.

ಎರಡನೇ ಹಂತ: ಜಾಗ

ಖಾಸಗಿ ಖಾಲಿ ನಿವೇಶನವಾದರೆ ಮಾಲೀಕರ ಬಾಯಿಮಾತು ಸಾಕು ಎಂದು ಎಲ್ಲರೂ ಭಾವಿಸುತ್ತಾರೆ. 1882ರ ಭಾರತೀಯ ಅನುಭೋಗದ ಹಕ್ಕುಗಳ ಕಾಯ್ದೆಯ ಕಲಂ 52 ಇಂಥ ಒಪ್ಪಿಗೆಗೆ ಒಂದು ಚೊಕ್ಕ ಲಕ್ಷಣ ಕೊಟ್ಟಿದೆ: ಒಪ್ಪಿಗೆ ಇಲ್ಲದಿದ್ದರೆ ಕಾನೂನುಬಾಹಿರವಾಗುತ್ತಿದ್ದ ಕೆಲಸವನ್ನು ಇನ್ನೊಬ್ಬರ ಸ್ಥಿರಾಸ್ತಿಯ ಮೇಲೆ ಮಾಡಲು ಸಿಗುವ ಹಕ್ಕು, ಆದರೆ ಆ ಆಸ್ತಿಯಲ್ಲಿ ಯಾವ ಪಾಲನ್ನೂ ಕೊಡದ ಹಕ್ಕು. ಇಡೀ ಅನುಮತಿ ಶಾಸ್ತ್ರ ಈ ಒಂದು ವಾಕ್ಯದಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಬಾಯಿಮಾತಿನ ಒಪ್ಪಿಗೆಯೂ ಕಾನೂನಿನಲ್ಲಿ ನಡೆಯುತ್ತದೆ, ನಿಜ. ಆದರೆ ಕಲಂ 60ರ ಪ್ರಕಾರ, ಕೆಲವು ಅಪವಾದ ಬಿಟ್ಟರೆ, ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಚಪ್ಪರ ಎದ್ದ ಮೇಲೆ ಮಾಲೀಕರ ತಮ್ಮ ಬಂದು ‘ನನ್ನ ಪಾಲಿನ ಜಾಗ ಇದು’ ಎಂದರೆ ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ. ಪೊಲೀಸರೂ ಸಾಮಾನ್ಯವಾಗಿ ಮಾಲೀಕರ ಲಿಖಿತ ಒಪ್ಪಿಗೆ ಕೇಳುತ್ತಾರೆ. ಆದ್ದರಿಂದ ಒಂದು ಪುಟದಲ್ಲಿ ಬರೆಸಿಕೊಳ್ಳಿ: ಯಾವ ದಿನಾಂಕದಿಂದ ಯಾವ ದಿನಾಂಕ, ಯಾವ ಉದ್ದೇಶ, ಬಾಡಿಗೆ ಇದ್ದರೆ ಎಷ್ಟು, ಜಾಗ ಬಿಟ್ಟುಕೊಡುವಾಗ ಗುಂಡಿ ಮುಚ್ಚುವವರು ಯಾರು. ಬಾಡಿಗೆ ತೆಗೆದುಕೊಂಡು, ನಿಮ್ಮ ತಪ್ಪಿಲ್ಲದೆ ನಡುವೆ ಎಬ್ಬಿಸಿದರೆ ಪರಿಹಾರ ಕೇಳುವ ಹಕ್ಕು ಕಲಂ 64ರಲ್ಲಿದೆ. ಆದರೆ ಬಾಡಿಗೆ ಕೊಟ್ಟದ್ದಕ್ಕೆ ರಸೀದಿ ಬೇಕಲ್ಲ?

ರಸ್ತೆ ಅಥವಾ ಉದ್ಯಾನವಾದರೆ ಒಪ್ಪಿಗೆ ಕೊಡಬೇಕಾದದ್ದು ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿ. ವಾರ್ಡಿನ ಮಾಜಿ ಸದಸ್ಯರಲ್ಲ. ಅರ್ಜಿಯ ಜೊತೆ ಕೈಯಲ್ಲೇ ಬರೆದ ನಕ್ಷೆ ಇಡಿ: ರಸ್ತೆಯ ಅಗಲ, ಚಪ್ಪರ ಹಿಡಿಯುವ ಅಗಲ, ಆಂಬುಲೆನ್ಸ್ ಹೋಗಲು ಉಳಿಯುವ ಅಗಲ. ನಮ್ಮ ಅರ್ಜಿಗಳಲ್ಲಿ ಬೇಗ ಮಂಜೂರಾಗಿ ಬಂದದ್ದು ನಕ್ಷೆ ಇದ್ದವೇ. ಡಾಂಬರು ಅಗೆಯುವುದು ಪ್ರತ್ಯೇಕ ಅನುಮತಿಯ ವಿಷಯ. ಮರಳು ತುಂಬಿದ ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿದರೆ ಆ ಸಾಲನ್ನೇ ಪಟ್ಟಿಯಿಂದ ಹೊಡೆದುಹಾಕಬಹುದು.

ಮೂರನೇ ಹಂತ: ವಿದ್ಯುತ್ ಮತ್ತು ಬೆಂಕಿ

ಇಲ್ಲಿ ಹೆಚ್ಚು ಹೇಳಲು ಇಲ್ಲ. ನಿಮ್ಮ ಭಾಗದ ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯಿರಿ, ಠೇವಣಿಯ ರಸೀದಿ ಇಟ್ಟುಕೊಳ್ಳಿ. ತಂತಿಗೆ ಕೊಕ್ಕೆ ಹಾಕುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ ಕಲಂ 135ರಡಿ ಕಳ್ಳತನ. ಪಕ್ಕದ ಮನೆಯವರು ‘ನಮ್ಮ ಮೀಟರಿನಿಂದಲೇ ಎಳೆದುಕೊಳ್ಳಿ’ ಎಂದು ಉದಾರವಾಗಿ ಹೇಳುತ್ತಾರೆ. ಮನೆಬಳಕೆಗೆ ಮಂಜೂರಾದ ವಿದ್ಯುತ್ತನ್ನು ಬೇರೆ ಉದ್ದೇಶಕ್ಕೆ ಬಳಸಿದರೆ ಕಲಂ 126ರಡಿ ಅವರಿಗೇ ಬಿಲ್ಲು ಬರಬಹುದು. ಪಾಪ, ಅವರ ಪುಣ್ಯಕ್ಕೆ ದಂಡ ಬೇಡ. ಚಪ್ಪರ ದೊಡ್ಡದಾದರೆ ಅಗ್ನಿಶಾಮಕ ಠಾಣೆಗೂ ಹೋಗಿಬನ್ನಿ. ಕಾಗದ ಇರಲಿ, ಬಿಡಲಿ, ನೀರಿನ ಡ್ರಮ್ಮು, ಮರಳಿನ ಬಕೆಟ್ಟು, ಎರಡು ಕಡೆ ಹೊರಬಾಗಿಲು ಮಾತ್ರ ಇರಲೇಬೇಕು.

ನಾಲ್ಕನೇ ಹಂತ: ಮೈಕ್

ಜಗಳ ಆಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಅನುಮತಿ ಕೊಡುವವರು ಯಾರು? ಶಬ್ದಮಾಲಿನ್ಯ ನಿಯಮಗಳ ಪ್ರಕಾರ ‘ಪ್ರಾಧಿಕಾರ’ ಎಂದರೆ ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಲ್ಲದ, ನೇಮಿತ ಅಧಿಕಾರಿ. ಅರ್ಜಿ ಠಾಣೆಯ ಮೂಲಕ ಹೋಗಬಹುದು, ಸ್ಥಳ ನೋಡಿ ವರದಿ ಕೊಡುವವರು ಠಾಣಾಧಿಕಾರಿಯೇ ಇರಬಹುದು. ಆದರೆ ಆದೇಶಕ್ಕೆ ಬೀಳುವ ರುಜು ಯಾರದು ಎಂದು ನೋಡಿ. ಬೀಟಿನ ಪೇದೆ ‘ಆಯ್ತು, ಹಾಕ್ಕೊಳ್ಳಿ’ ಎಂದದ್ದು ಸೌಜನ್ಯ. ನಿಯಮ ಕೇಳುವುದು ಲಿಖಿತ ಅನುಮತಿ.

ಎಷ್ಟು ಹೊತ್ತಿನವರೆಗೆ? ನಿಯಮದ ಪ್ರಕಾರ ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ 10ರಿಂದ 12ರವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು, ಆದರೆ ಒಂದು ವರ್ಷದಲ್ಲಿ ಒಟ್ಟು 15 ದಿನ ಮೀರುವಂತಿಲ್ಲ. ಗಮನಿಸಿ, ಆ ದಿನಗಳನ್ನು ಗೊತ್ತುಮಾಡುವುದು ಸರ್ಕಾರ. ಸ್ಥಳೀಯ ಅಧಿಕಾರಿಯಲ್ಲ, ಶಾಸಕರ ಆಪ್ತ ಸಹಾಯಕರಲ್ಲ. ನಿಮ್ಮ ಕಾರ್ಯಕ್ರಮದ ದಿನ ಆ ಪಟ್ಟಿಯಲ್ಲಿದೆಯೇ ಎಂದು ಅರ್ಜಿ ಕೊಡುವಾಗಲೇ ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಕಾರ್ಯಕ್ರಮವನ್ನು ಸಂಜೆ 6ಕ್ಕೇ ಶುರುಮಾಡಿ. ಭಾಷಣಕಾರರ ಸಂಖ್ಯೆಯನ್ನು ಮೂರಕ್ಕೆ ಇಳಿಸಿದರೆ ನಾಟಕಕ್ಕೆ ಒಂದು ಗಂಟೆ ಸಿಗುತ್ತದೆ. ಇದು ಅನುಭವದ ಮಾತು. ಕರಾವಳಿಯ ಕೆಲವು ಮೇಳಗಳು ಬೆಳಗಿನವರೆಗಿನ ಯಕ್ಷಗಾನವನ್ನು ಕಾಲಮಿತಿಗೆ ಇಳಿಸಿದ್ದರ ಹಿಂದೆಯೂ ಈ ಹತ್ತು ಗಂಟೆಯ ನೆರಳಿದೆ. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗಷ್ಟೇ ಕೇಳುವಂತೆ ಬಳಸುವುದಕ್ಕೆ ರಾತ್ರಿಯೂ ವಿನಾಯಿತಿ ಇದೆ. ಸಮುದಾಯ ಭವನ ಹತ್ತಿರವಿದ್ದರೆ ನಾಟಕವನ್ನು ಅಲ್ಲಿಗೆ ಸಾಗಿಸುವುದು ಜಾಣತನ.

ಎಷ್ಟು ಜೋರು? ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್, ವಾಣಿಜ್ಯ ಪ್ರದೇಶದ್ದು 65. ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಬಳಸಿದಾಗ ಆ ಸ್ಥಳದ ಗಡಿಯಲ್ಲಿ ಶಬ್ದ ಈ ಮಿತಿಗಿಂತ 10 ಡೆಸಿಬೆಲ್ ಹೆಚ್ಚಿರಬಹುದು, ಅಥವಾ 75. ಎರಡರಲ್ಲಿ ಯಾವುದು ಕಡಿಮೆಯೋ ಅದು. ಲೆಕ್ಕ ಹಾಕಿ: ಬಡಾವಣೆಯಲ್ಲಿ 65, ಪೇಟೆಬೀದಿಯಲ್ಲಿ 75. ಎದುರುಬದುರು ಕೂತು ಮಾತಾಡುವ ದನಿಯೇ 60ರ ಆಸುಪಾಸು ಇರುತ್ತದೆ. ಎದೆ ನಡುಗಿಸುವ ಡಿಜೆ ಪೆಟ್ಟಿಗೆಗಳು ಈ ಅಂಕಿಯೊಳಗೆ ಕೂರುವುದಿಲ್ಲ ಎಂಬುದಕ್ಕೆ ಯಂತ್ರ ಹಿಡಿದು ಅಳೆಯಬೇಕಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್‌ವರೆಗಿನ ಶಾಂತ ವಲಯದಲ್ಲಿ ಚಪ್ಪರ ಹಾಕುವ ಯೋಚನೆಯನ್ನೇ ಬಿಡುವುದು ಒಳ್ಳೆಯದು.

‘ಇದು ದೇವರ ಕೆಲಸ, ಸಂವಿಧಾನವೇ ಹಕ್ಕು ಕೊಟ್ಟಿದೆ’ ಎಂದು ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಸಂವಿಧಾನದ 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಎಂದು ಸೇರಿಸಿದೆ. 2000ದಲ್ಲಿ ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇತರರ ನೆಮ್ಮದಿ ಕೆಡಿಸಿ ಧ್ವನಿವರ್ಧಕದಲ್ಲೇ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ಅದು ಚರ್ಚಿಗೆ ಹೇಳಿದ್ದು, ನಮಗಲ್ಲ ಎಂದು ವಾದಿಸಿದವರನ್ನೂ ಕಂಡಿದ್ದೇನೆ. ಶಬ್ದಮಾಲಿನ್ಯ ನಿಯಮಗಳ ಬೆನ್ನಿಗಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆ. 2023ರ ಜನ ವಿಶ್ವಾಸ ಕಾಯ್ದೆಯ ತಿದ್ದುಪಡಿಯ ನಂತರ ಅದರ ಕಲಂ 15ರಲ್ಲಿ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇದೆ. ಚಂದಾ ಎತ್ತಿದ ಹಣ ಯಾವ ಕಡೆ ಹೋಗಬೇಕು ಎಂದು ಸಭೆಯಲ್ಲಿ ಕೇಳಿ. ವಾದ ಬೇಗ ನಿಲ್ಲುತ್ತದೆ.

ಐದನೇ ಹಂತ: ಯಾರಿಗೂ ನೆನಪಾಗದ ಸಣ್ಣ ಸಾಲುಗಳು

ಫ್ಲೆಕ್ಸ್: ತೆರೆದ ಸ್ಥಳಗಳ ವಿರೂಪ ತಡೆಯಲೆಂದೇ ಕರ್ನಾಟಕದಲ್ಲಿ 1981ರ ಕಾಯ್ದೆ ಇದೆ, 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿದೆ. ಬಟ್ಟೆಯ ಬ್ಯಾನರು ಬರೆಸಿ, ಅದನ್ನು ಕಟ್ಟಲು ಸ್ಥಳೀಯ ಸಂಸ್ಥೆಯ ಅನುಮತಿ ಕೇಳಿ.

ಊಟ: ಆಹಾರ ಸುರಕ್ಷತಾ ಕಾಯ್ದೆಯ ಕೆಳಗಿನ 2011ರ ನಿಯಮಾವಳಿ ಸಣ್ಣ ಆಹಾರ ಉದ್ಯಮಿ ಎಂಬುದರೊಳಗೆ ಧಾರ್ಮಿಕ, ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರನ್ನೂ ಸೇರಿಸಿದೆ. ಅವರಿಗೆ ಬೇಕಾದದ್ದು ಪರವಾನಗಿಯಲ್ಲ, ನೋಂದಣಿ. ಅಡುಗೆ ಗುತ್ತಿಗೆಗೆ ಕೊಟ್ಟರೆ ಗುತ್ತಿಗೆದಾರರ ಪರವಾನಗಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಹಾಡು: ಇದು ಬಹಳ ಜನಕ್ಕೆ ಹೊಸದು. ಚಿತ್ರಗೀತೆಗಳಿಗೆ ಹಕ್ಕುದಾರರಿದ್ದಾರೆ; ಸಾರ್ವಜನಿಕವಾಗಿ ನುಡಿಸಲು ಅವರ ಅನುಮತಿ ಬೇಕು. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 52 ನಿಜವಾದ ಧಾರ್ಮಿಕ ಆಚರಣೆಯ ಅಂಗವಾಗಿ ನುಡಿಸಿದರೆ ಉಲ್ಲಂಘನೆಯಲ್ಲ ಎನ್ನುತ್ತದೆ. ಹವ್ಯಾಸಿ ತಂಡ ಟಿಕೆಟ್ ಇಲ್ಲದ ಸಭಿಕರೆದುರು ಪ್ರದರ್ಶಿಸುವುದಕ್ಕೂ ಅಲ್ಲಿ ಜಾಗವಿದೆ. ಇದಕ್ಕೆ ವಿನಾಯಿತಿ ಎಂದು ಹೆಸರು: ಕಾನೂನೇ ಮುಂಚಿತವಾಗಿ ಎಲ್ಲರಿಗೂ ಕೊಟ್ಟಿಟ್ಟ ಅನುಮತಿ. ಮಂಗಳಾರತಿಯ ಹೊತ್ತಿನ ಭಕ್ತಿಗೀತೆಗೂ ಸಂಭಾವನೆ ಕೊಟ್ಟು ಕರೆಸಿದ ಆರ್ಕೆಸ್ಟ್ರಾದ ಕುಣಿತದ ಹಾಡಿಗೂ ಈ ವಿನಾಯಿತಿಯಲ್ಲಿ ವ್ಯತ್ಯಾಸ ಬೀಳಬಹುದು.

ಮೂರ್ತಿ ಮತ್ತು ವಿಸರ್ಜನೆ: ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನು ನೀರಿಗೆ ಬಿಡುವುದನ್ನು 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ನಿಷೇಧಿಸಿದೆ. ಇದೂ ಬಾಗಿಲಿಲ್ಲದ ಗೋಡೆ. ಮೂರ್ತಿಗೆ ಮುಂಗಡ ಕೊಡುವ ಮೊದಲೇ ಮಣ್ಣಿನದೇ ಎಂದು ಖಚಿತಪಡಿಸಿಕೊಳ್ಳಿ.

ಆರನೇ ಹಂತ: ಅರ್ಜಿ ಮತ್ತು ಹಿಂಬರಹ

ಅರ್ಜಿ ಒಂದು ಪುಟ ಮೀರದಿರಲಿ. ‘ಸಾಂಸ್ಕೃತಿಕ ಕಾರ್ಯಕ್ರಮಗಳಿಗಾಗಿ ಅನುಮತಿ ನೀಡಬೇಕೆಂದು ವಿನಂತಿ’ ಎಂದು ಬರೆದರೆ ಯಾವುದಕ್ಕೆ ಅನುಮತಿ ಸಿಕ್ಕಿತು ಎಂದು ನಿಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ. ದಿನಾಂಕ, ಗಂಟೆ, ಸ್ಥಳ, ಧ್ವನಿವರ್ಧಕಗಳ ಸಂಖ್ಯೆ, ಮೆರವಣಿಗೆಯ ಬೀದಿಗಳು, ಬರುವ ಜನರ ಅಂದಾಜು, ಜವಾಬ್ದಾರಿ ಹೊರುವ ಇಬ್ಬರ ಹೆಸರು ಮತ್ತು ಮೊಬೈಲ್ ಸಂಖ್ಯೆ ಬರೆಯಿರಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸ್ವೀಕೃತಿ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. ಸಕಾಲ ವ್ಯಾಪ್ತಿಯ ಸೇವೆಯಾದರೆ ಸಕಾಲ ಸಂಖ್ಯೆ ಕೇಳಿ ಪಡೆಯಿರಿ. ಅದು ಬಂದರೆ ಗಡುವು ಬಂದಂತೆ. ತಪ್ಪಿದರೆ ಮೇಲ್ಮನವಿಯ ದಾರಿಯೂ ತೆರೆಯುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ‘ಅರ್ಜಿ ಕೊಟ್ಟು ಹದಿನೈದು ದಿನವಾಯಿತು, ಬೇಡ ಎಂದಿಲ್ಲ, ಹಾಗಾದರೆ ಒಪ್ಪಿದಂತೆ’ ಎಂಬ ಲೆಕ್ಕ. ಮೌನ ಸಮ್ಮತಿಯ ಲಕ್ಷಣ ಎಂಬುದು ಮದುವೆಯ ಮಾತುಕತೆಗೆ ಸರಿ. ಕಾನೂನಿನಲ್ಲಿ ಮೌನ ಸಮ್ಮತಿಯಾಗಬೇಕಾದರೆ ಆ ಕಾನೂನೇ ಹಾಗೆಂದು ಬರೆದಿರಬೇಕು. ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಂ 95ರಲ್ಲಿ, ಭೂಪರಿವರ್ತನೆಯ ಅರ್ಜಿಗೆ ಜಿಲ್ಲಾಧಿಕಾರಿ ಗೊತ್ತಾದ ಅವಧಿಯೊಳಗೆ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದೆಯೆಂದು ಭಾವಿಸತಕ್ಕದ್ದು ಎಂದಿದೆ. ಶಬ್ದಮಾಲಿನ್ಯ ನಿಯಮಗಳಲ್ಲಿ ಅಂಥ ಸಾಲಿಲ್ಲ. ಉತ್ತರ ಬಾರದಿದ್ದರೆ ಹೋಗಿ ಕೇಳಿ, ಬೇಡ ಎಂದರೆ ‘ಕಾರಣ ಬರೆದು ಹಿಂಬರಹ ಕೊಡಿ’ ಎಂದು ವಿನಯದಿಂದ ಕೇಳಿ. ಹಿಂಬರಹ ಎಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ. ಆ ಪದಕ್ಕೆ ನಮ್ಮ ಕಚೇರಿಗಳಲ್ಲಿ ವಿಚಿತ್ರ ಶಕ್ತಿ ಇದೆ. ಕಾರಣ ಬರೆಯಬೇಕು ಎಂದಾಗ ಎಷ್ಟೋ ‘ಆಗುವುದಿಲ್ಲ’ಗಳು ‘ನಾಳೆ ಬನ್ನಿ’ ಆಗಿವೆ.

ಏಳನೇ ಹಂತ: ಆದೇಶವನ್ನು ತಳದಿಂದ ಓದಿ

ಅನುಮತಿ ಪತ್ರ ಕೈಗೆ ಬಂದಾಗ ಎಲ್ಲರೂ ‘ಅನುಮತಿ ನೀಡಲಾಗಿದೆ’ ಎಂಬ ಸಾಲು ಓದಿ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ನಿಜವಾದ ಅನುಮತಿ ಇರುವುದು ಅದರ ಕೆಳಗೆ, ‘ಈ ಕೆಳಕಂಡ ಷರತ್ತುಗಳಿಗೆ ಒಳಪಟ್ಟು’ ಎಂಬಲ್ಲಿಂದ. ರಾತ್ರಿ ಚಪ್ಪರದಲ್ಲಿ ಸ್ವಯಂಸೇವಕರು ಮಲಗಬೇಕು, ಸಿಸಿಟಿವಿ ಹಾಕಬೇಕು, ಮೆರವಣಿಗೆ ಇಂಥ ವೃತ್ತದಲ್ಲಿ ನಿಲ್ಲಬಾರದು ಎಂಬಂಥವು ಅಲ್ಲಿರುತ್ತವೆ. ಒಂದು ಷರತ್ತು ಮುರಿದರೆ ಆ ಕ್ಷಣದ ಮಟ್ಟಿಗೆ ನೀವು ಅನುಮತಿ ಇಲ್ಲದವರ ಸಾಲಿಗೇ ಸೇರುತ್ತೀರಿ. ಪ್ರತಿ ಷರತ್ತಿನ ಮುಂದೆ ಒಬ್ಬರ ಹೆಸರು ಬರೆಯಿರಿ. ‘ಸಮಿತಿ’ ಎಂದು ಬರೆದರೆ ಯಾರೂ ಮಾಡುವುದಿಲ್ಲ. ಪಾಲಿಸಲಾಗದ ಷರತ್ತು ಇದ್ದರೆ ಹಬ್ಬದ ದಿನ ವಾದಿಸಬೇಡಿ. ಪತ್ರ ಕೈಗೆ ಬಂದ ದಿನವೇ ಹೋಗಿ ಬದಲಾಯಿಸಿಕೊಡಿ ಎಂದು ಬರೆದುಕೊಡಿ.

ಪರಿಸ್ಥಿತಿ ಬಿಗಡಾಯಿಸಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್‌) ಕಲಂ 163ರಡಿ, ಅಂದರೆ ಹಿಂದೆ ನಾವು 144 ಎನ್ನುತ್ತಿದ್ದ ನಿಷೇಧಾಜ್ಞೆ ಜಾರಿಯಾದರೆ, ಕೈಯಲ್ಲಿರುವ ಪತ್ರ ನಿಮ್ಮನ್ನು ಕಾಯುವುದಿಲ್ಲ.

ಎಂಟನೇ ಹಂತ: ನಿರಾಕರಿಸಿದರೆ

ಅನುಮತಿ ಕೇಳಿದವರಿಗೆಲ್ಲ ಕೊಡಲೇಬೇಕೆಂದಿಲ್ಲ. ಹಾಗೆಂದು ಅಧಿಕಾರಿಯ ಮನಸ್ಸಿಗೆ ಬಂದಂತೆ ತಿರಸ್ಕರಿಸುವಂತೆಯೂ ಇಲ್ಲ. ಅಹಮದಾಬಾದಿನ ಬೀದಿಗಳಲ್ಲಿ ಸಭೆ ನಡೆಸಲು ಪೊಲೀಸ್ ಅನುಮತಿ ಬೇಕೆಂಬ ನಿಯಮವನ್ನು 1970ರ ದಶಕದ ಆರಂಭದಲ್ಲಿ ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಸಭೆಗಳನ್ನು ನಿಯಂತ್ರಿಸಬಹುದು, ಆದರೆ ಯಾವ ಆಧಾರದ ಮೇಲೆ ಕೊಡಬೇಕು, ಯಾವ ಆಧಾರದ ಮೇಲೆ ನಿರಾಕರಿಸಬೇಕು ಎಂದು ಹೇಳದೆ ಅಧಿಕಾರಿಗೆ ಅಂಕೆಯಿಲ್ಲದ ಅಧಿಕಾರ ಕೊಡುವಂತಿಲ್ಲ ಎಂಬುದು ಅದರ ಸಾರ. ಆದ್ದರಿಂದ ನಿರಾಕರಣೆ ಬಂದರೆ ಕಾರಣ ನೋಡಿ. ರಸ್ತೆ ಕಿರಿದು ಎಂದರೆ ಜಾಗ ಬದಲಿಸಿ ಮತ್ತೆ ಅರ್ಜಿ ಕೊಡಿ. ಪಕ್ಕದ ಬೀದಿಗೆ ಕೊಟ್ಟು ನಿಮಗೆ ಕೊಟ್ಟಿಲ್ಲ ಎಂದರೆ ಮೇಲಧಿಕಾರಿಗೆ ಬರೆಯಿರಿ. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಿಂದ ಕಡತದ ಪ್ರತಿ ಕೇಳಬಹುದು, ಆದರೆ ಅದರ ಉತ್ತರಕ್ಕೆ 30 ದಿನ ಅವಕಾಶವಿದೆ, ಗಣಪ ಅಷ್ಟರಲ್ಲಿ ನೀರು ಸೇರಿರುತ್ತಾನೆ. ಹಬ್ಬ ಹತ್ತಿರವಿದ್ದು ಅನ್ಯಾಯ ಸ್ಪಷ್ಟವಾಗಿದ್ದರೆ ಹೈಕೋರ್ಟಿನ ರಿಟ್ ಅರ್ಜಿಯೇ ದಾರಿ. ಅದಕ್ಕೆ ವಕೀಲರನ್ನು ಕಾಣಿ.

ವಿಸರ್ಜನೆಯ ಮರುದಿನ

ತಾತ್ಕಾಲಿಕ ವಿದ್ಯುತ್ ಸಂಪರ್ಕ ಕಡಿತಗೊಳಿಸಿ ಎಂದು ಬರೆದುಕೊಡಿ, ಠೇವಣಿ ವಾಪಸು ಕೇಳಿ, ಗುಂಡಿ ಮುಚ್ಚಿ ಫೋಟೊ ತೆಗೆಯಿರಿ. ಎಲ್ಲ ಆದೇಶ, ರಸೀದಿ, ಹಿಂಬರಹಗಳನ್ನು ಒಂದು ಕಡತಕ್ಕೆ ಸೇರಿಸಿ. ಆ ಕಡತವನ್ನು ಕಾರ್ಯದರ್ಶಿಯ ಮನೆಯಲ್ಲಿ ಇಡಬೇಡಿ. ಮುಂದಿನ ಚೌತಿಯ ಹೊತ್ತಿಗೆ ಹೊಸ ಕಾರ್ಯದರ್ಶಿ ಬಂದಿರುತ್ತಾರೆ. ಹಳೆಯವರೂ ಹೊಸಬರೂ ಮಾತು ಬಿಟ್ಟಿರುವುದು ನಮ್ಮ ಸಮಿತಿಗಳಲ್ಲಿ ಅಪರೂಪವಲ್ಲ.